ರದ್ದಿಗೆ ಮುನ್ನ ವಿಚಾರಣೆ

ಮಿಯಾಪುರದ ನಮ್ಮವರಲ್ಲಿ ತಂತ್ರಾಂಶ ರಚಿಸುವವರಿದ್ದಾರೆ, ರೇಷನ್ ಕಾರ್ಡನ್ನೇ ನಂಬಿದವರೂ ಇದ್ದಾರೆ. ಈ ಸಂಗತಿ ಇಬ್ಬರಿಗೂ ಸೇರಿದ್ದು.

ತೆಲಂಗಾಣ ಸರ್ಕಾರದ ‘ಸಮಗ್ರ ವೇದಿಕ’ ಎಂಬ ತಂತ್ರಾಂಶವು ಹಲವು ಇಲಾಖೆಗಳ ದಾಖಲೆಗಳಲ್ಲಿನ ಹೆಸರು, ವಿಳಾಸಗಳನ್ನು ಹೋಲಿಸಿ, ಯಾರಿಗೆ ಕಾರು, ಆಸ್ತಿಗಳಿವೆಯೆಂದು ಊಹಿಸುತ್ತಿತ್ತು. ಹೆಸರು ಹೋಲಿದರೆ ಒಬ್ಬನ ಕಾರು ಇನ್ನೊಬ್ಬನ ಲೆಕ್ಕಕ್ಕೆ ಬೀಳುವುದುಂಟು. 2014ರಿಂದ 2019ರವರೆಗೆ ರಾಜ್ಯದಲ್ಲಿ 18 ಲಕ್ಷಕ್ಕೂ ಹೆಚ್ಚು ಕಾರ್ಡುಗಳು ನೋಟೀಸಿಲ್ಲದೆ ರದ್ದಾದವು. ಸ್ಥಳಕ್ಕೆ ಹೋಗಿ ಮರುಪರಿಶೀಲಿಸಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿತು.

ಯಂತ್ರವನ್ನು ದೂರಿ ಫಲವಿಲ್ಲ. ಮೊದಲು ವಿಚಾರಣೆ, ಆಮೇಲೆ ರದ್ದು ಎಂಬ ಕ್ರಮವನ್ನು ನಕ್ಷೆ ಬರೆಯುವಾಗಲೇ ಇಡಬೇಕು. ಮನೆ ಕಟ್ಟಿದ ಮೇಲೆ ಬಾಗಿಲು ಕೊರೆಯುವುದು ಕಷ್ಟ. ಆ ಮೇಜಿಗೆ ಕೂಡುವ ನಮ್ಮವರು ಒಂದು ಮಾತು ಕೇಳಲಿ: ಲೆಕ್ಕ ತಪ್ಪಿದರೆ, ಕಾರ್ಡು ಕಳೆದುಕೊಂಡವರು ಯಾರನ್ನು ಕಾಣಬೇಕು?