ಮೊದಲೆರಡು ಪಂದ್ಯ ನೋಡಿ ಆಟಗಾರನ ಭವಿಷ್ಯ ಹೇಳಬಹುದೇ? ರೂಕಿ ಕ್ವಾರ್ಟರ್‌ಬ್ಯಾಕ್ ಹೋಲಿಕೆ ಕಾರ್ಡ್‌ಗಳ ಅಸಲಿಯತ್ತು

ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ಫುಟ್ಬಾಲ್ ಲೀಗ್ ಎನ್‌ಎಫ್‌ಎಲ್ ಶುರುವಾಗುತ್ತದೆ. ಅದರ ಬೆನ್ನಿಗೇ ಒಂದು ಬಗೆಯ ಚಿತ್ರಗಳೂ ಫೋನಿನಿಂದ ಫೋನಿಗೆ ಹರಿದಾಡತೊಡಗುತ್ತವೆ. ಎಡಕ್ಕೊಬ್ಬ ಹೊಸ ಆಟಗಾರ, ಬಲಕ್ಕೊಬ್ಬ, ನಡುವೆ ನಾಲ್ಕೈದು ಅಂಕಿ, ಕೆಳಗೆ ತೀರ್ಪು: ‘ಇವನು ಮುಂದಿನ ಸೂಪರ್‌ಸ್ಟಾರ್, ಅವನು ಫ್ಲಾಪ್’. ಅಮೆರಿಕದಲ್ಲಿರುವ ನೆಂಟರು, ಗೆಳೆಯರ ಮೂಲಕ ಇವು ನಮ್ಮ ವಾಟ್ಸಾಪ್ ಗುಂಪುಗಳಿಗೂ ಬರುತ್ತವೆ.

ಇಂತಹ ಕಾರ್ಡ್‌ಗಳನ್ನು ನಂಬಬಹುದೇ? ಚುಟುಕಾಗಿ ಹೇಳುವುದಾದರೆ, ಅಂಕಿಗಳು ಸಾಮಾನ್ಯವಾಗಿ ನಿಜವೇ ಆಗಿರುತ್ತವೆ. ಆದರೆ ಅವುಗಳಿಂದ ತೆಗೆದ ತೀರ್ಪು ಬಹಳ ಸಲ ಗಟ್ಟಿಯಲ್ಲ. ಏಕೆ ಎಂದು ನೋಡೋಣ.

ಕ್ವಾರ್ಟರ್‌ಬ್ಯಾಕ್ ಎಂದರೆ ಯಾರು?

ಅಮೆರಿಕನ್ ಫುಟ್ಬಾಲ್‌ನಲ್ಲಿ ಪ್ರತಿ ತಂಡದ ದಾಳಿಯನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್. ಚೆಂಡನ್ನು ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು ಎಂದು ಕೆಲವೇ ಸೆಕೆಂಡುಗಳಲ್ಲಿ ತೀರ್ಮಾನಿಸುವುದು ಅವನ ಕೆಲಸ. ಅವನ ಎಸೆತವನ್ನು ತಂಡದವನು ಹಿಡಿದು ಎದುರಾಳಿಯ ಗಡಿ ಮುಟ್ಟಿದರೆ ಟಚ್‌ಡೌನ್. ಎದುರಾಳಿ ಹಿಡಿದರೆ ಇಂಟರ್‌ಸೆಪ್ಷನ್. ಲೀಗ್‌ನಲ್ಲಿ ಮೊದಲ ವರ್ಷ ಆಡುವವನನ್ನು ರೂಕಿ ಎನ್ನುತ್ತಾರೆ.

1998ರ ಪಾಠ

ಆ ವರ್ಷ ಹೊಸ ಆಟಗಾರರ ಆಯ್ಕೆಯಲ್ಲಿ, ಅಂದರೆ ಡ್ರಾಫ್ಟ್‌ನಲ್ಲಿ, ಮೊದಲ ಹೆಸರು ಪೇಟನ್ ಮ್ಯಾನಿಂಗ್, ಎರಡನೆಯದು ರಯಾನ್ ಲೀಫ್. ಇಬ್ಬರಲ್ಲಿ ಯಾರು ಮೇಲು ಎಂಬ ಚರ್ಚೆ ಅದಕ್ಕೂ ಮೊದಲೇ ಜೋರಾಗಿತ್ತು.

ಎರಡು ಪಂದ್ಯಗಳಾದಾಗ ಲೀಫ್ ಆಡುತ್ತಿದ್ದ ಸ್ಯಾನ್ ಡಿಯಾಗೊ ಎರಡನ್ನೂ ಗೆದ್ದಿತ್ತು, ಮ್ಯಾನಿಂಗ್ ಅವರ ಇಂಡಿಯಾನಾಪೊಲಿಸ್ ಎರಡನ್ನೂ ಸೋತಿತ್ತು. ಆಗ ವಾಟ್ಸಾಪ್ ಇದ್ದಿದ್ದರೆ ಆ ವಾರದ ಕಾರ್ಡ್ ಹೇಗಿರುತ್ತಿತ್ತು ಎಂದು ಊಹಿಸಿಕೊಳ್ಳಿ. ಮೂರನೇ ಪಂದ್ಯದಲ್ಲಿ ಲೀಫ್ 15 ಸಲ ಎಸೆದರು, ತಂಡದವರು ಹಿಡಿದದ್ದು ಒಂದೇ ಒಂದು. ಮ್ಯಾನಿಂಗ್ ತಂಡ ಮೊದಲ ನಾಲ್ಕೂ ಪಂದ್ಯ ಸೋತಿತು.

ಮುಂದೆ ಮ್ಯಾನಿಂಗ್ ಐದು ಬಾರಿ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದರು, ಎರಡು ಸೂಪರ್ ಬೌಲ್ ಗೆದ್ದರು. ಲೀಫ್ 2001ರ ನಂತರ ಲೀಗ್‌ನಲ್ಲಿ ಆಡಲಿಲ್ಲ.

ಒಟ್ಟು ಸಂಖ್ಯೆ ದಾರಿ ತಪ್ಪಿಸುವುದು ಹೀಗೆ

ಆ ಮೊದಲ ಸೀಸನ್‌ನಲ್ಲಿ ಮ್ಯಾನಿಂಗ್ ಅವರ 28 ಎಸೆತಗಳು ಎದುರಾಳಿಯ ಕೈ ಸೇರಿದವು. ಲೀಫ್ ಅವರದ್ದು 15. ಕಾರ್ಡ್‌ನಲ್ಲಿ ಇಷ್ಟನ್ನೇ ಹಾಕಿದರೆ ಲೀಫ್ ಹೆಚ್ಚು ಎಚ್ಚರಿಕೆಯ ಆಟಗಾರ ಎನಿಸುತ್ತದೆ.

ಆದರೆ ಮ್ಯಾನಿಂಗ್ ಎಸೆದದ್ದು 575 ಸಲ, ಲೀಫ್ 245 ಸಲ. ಪ್ರತಿ 100 ಎಸೆತಕ್ಕೆ ಲೆಕ್ಕ ಹಾಕಿದರೆ ಮ್ಯಾನಿಂಗ್ ಕಳೆದುಕೊಂಡದ್ದು ಸುಮಾರು 4.9, ಲೀಫ್ ಸುಮಾರು 6.1. ಚಿತ್ರ ಪೂರ್ತಿ ತಿರುಗಿತು. ಟಚ್‌ಡೌನ್ ನೋಡಿದರೆ ವ್ಯತ್ಯಾಸ ಇನ್ನೂ ದೊಡ್ಡದು: ಮ್ಯಾನಿಂಗ್ 26, ಲೀಫ್ 2.

ಆದ್ದರಿಂದ ಮೊದಲ ನಿಯಮ ಸರಳ: ಒಟ್ಟು ಎಷ್ಟು ಎಂದು ಕೇಳಬೇಡಿ, ಎಷ್ಟರಲ್ಲಿ ಎಷ್ಟು ಎಂದು ಕೇಳಿ.

ಒಂದು ಪಂದ್ಯ ಒಂದು ಪಂದ್ಯವಷ್ಟೇ

2015ರಲ್ಲಿ ಮಾರ್ಕಸ್ ಮರಿಯೋಟಾ ಮತ್ತು ಜೇಮಿಸ್ ವಿನ್‌ಸ್ಟನ್ ತಮ್ಮ ಚೊಚ್ಚಲ ಪಂದ್ಯದಲ್ಲಿ ಎದುರುಬದುರಾದರು. ಮರಿಯೋಟಾ 15 ಎಸೆತಗಳಲ್ಲಿ 13 ಗುರಿ ಮುಟ್ಟಿಸಿ ನಾಲ್ಕು ಟಚ್‌ಡೌನ್ ಕೊಟ್ಟರು. ಪಾಸರ್ ರೇಟಿಂಗ್ 158.3, ಅಂದರೆ ಆ ಅಳತೆಯಲ್ಲಿ ಸಿಗಬಹುದಾದ ಗರಿಷ್ಠ ಅಂಕ. ವಿನ್‌ಸ್ಟನ್ ಅವರ ಮೊಟ್ಟಮೊದಲ ಎಸೆತವನ್ನೇ ಎದುರಾಳಿ ಹಿಡಿದು ಟಚ್‌ಡೌನ್ ಮಾಡಿದ. ಮರಿಯೋಟಾ ತಂಡ 42–14ರಲ್ಲಿ ಗೆದ್ದಿತು.

ಸೀಸನ್ ಮುಗಿದಾಗ? ವಿನ್‌ಸ್ಟನ್ ತಂಡ 6 ಪಂದ್ಯ ಗೆದ್ದಿತ್ತು, ಮರಿಯೋಟಾ ತಂಡ ಬರೀ 3. ವಿನ್‌ಸ್ಟನ್ 4,000 ಯಾರ್ಡ್‌ಗಿಂತ ಹೆಚ್ಚು ಗಳಿಸಿದ್ದರು.

ಕ್ರಿಕೆಟ್ ನೋಡುವ ನಮಗೆ ಇದು ಹೊಸದೇನಲ್ಲ. ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್ ಆಡಿದಾಗ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಮೊದಲ ಇನಿಂಗ್ಸ್ ಮುಗಿದ ತಕ್ಷಣ ತೀರ್ಪು ಕೊಟ್ಟವರ ಗತಿ ಏನಾಗುತ್ತಿತ್ತು? ಕೆಲವೇ ಎಸೆತ, ಕೆಲವೇ ಇನಿಂಗ್ಸ್ ಇದ್ದಾಗ ಅದೃಷ್ಟದ ಪಾಲು ದೊಡ್ಡದಾಗಿರುತ್ತದೆ. ಆಟ ಹೆಚ್ಚಾದಂತೆ ಅದು ಕಡಿಮೆಯಾಗುತ್ತಾ ಬರುತ್ತದೆ.

ಸೋಲು ಯಾರದ್ದು?

‘ಇವನು ಆಡಿದ ಪಂದ್ಯಗಳೆಲ್ಲ ಸೋಲು’ ಎಂಬುದೂ ಕಾರ್ಡ್‌ಗಳ ಮೆಚ್ಚಿನ ಸಾಲು. ಆದರೆ ಡ್ರಾಫ್ಟ್‌ನ ನಿಯಮವನ್ನು ನೆನಪಿಡಿ: ಹಿಂದಿನ ವರ್ಷ ಅತಿ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಆಯ್ಕೆ ಸಿಗುತ್ತದೆ. ಹಾಗಾಗಿ ತುಂಬಾ ಪ್ರತಿಭಾವಂತ ಹುಡುಗ ಎಷ್ಟೋ ಸಲ ತುಂಬಾ ದುರ್ಬಲ ತಂಡಕ್ಕೇ ಹೋಗುತ್ತಾನೆ. ಅವನನ್ನು ಕಾಯಬೇಕಾದವರು ಕಾಯುವುದಿಲ್ಲ, ಚೆಂಡು ಹಿಡಿಯಬೇಕಾದವರು ಕೈಬಿಡುತ್ತಾರೆ. ತಂಡದವನ ಕೈಗೆ ತಾಗಿ ಹಾರಿದ ಚೆಂಡನ್ನು ಎದುರಾಳಿ ಹಿಡಿದರೂ ಆ ತಪ್ಪು ಎಸೆದವನ ಲೆಕ್ಕಕ್ಕೇ ಹೋಗುತ್ತದೆ.

ಡಲ್ಲಾಸ್ ತಂಡದ ಟ್ರಾಯ್ ಐಕ್‌ಮನ್ 1989ರಲ್ಲಿ ರೂಕಿಯಾಗಿ ಆರಂಭಿಸಿದ 11 ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ತಂಡ ಬಲವಾದ ಮೇಲೆ ಅವರೇ ಮೂರು ಸೂಪರ್ ಬೌಲ್ ಗೆದ್ದರು.

ಇಡೀ ಸೀಸನ್ ನೋಡಿದರೆ ಸಾಕೇ?

ಎರಡು ಪಂದ್ಯಕ್ಕಿಂತ ಇಡೀ ಸೀಸನ್ ಖಂಡಿತ ಮೇಲು. ಆದರೂ ಅದೇ ಕೊನೆಯ ಮಾತಲ್ಲ. 2018ರ ಇಬ್ಬರು ರೂಕಿಗಳನ್ನು ನೋಡಿ. ಬಫಲೋದ ಜಾಶ್ ಅಲೆನ್: 10 ಟಚ್‌ಡೌನ್ ಪಾಸ್, 12 ಇಂಟರ್‌ಸೆಪ್ಷನ್, 100ಕ್ಕೆ 53ರಷ್ಟು ಎಸೆತ ಯಶಸ್ವಿ. ಅರಿಜೋನಾದ ಜಾಶ್ ರೋಸೆನ್: 11 ಟಚ್‌ಡೌನ್ ಪಾಸ್, 14 ಇಂಟರ್‌ಸೆಪ್ಷನ್, 100ಕ್ಕೆ 55. ಹೆಚ್ಚುಕಡಿಮೆ ಒಂದೇ.

ಅರಿಜೋನಾ ಒಂದೇ ವರ್ಷಕ್ಕೆ ರೋಸೆನ್ ಅವರನ್ನು ಬೇರೆ ತಂಡಕ್ಕೆ ಕೊಟ್ಟು ಹೊಸಬನನ್ನು ತಂದಿತು. ಬಫಲೋ ಕಾಯಿತು. 2024ರ ಸೀಸನ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಅಲೆನ್ ಅವರಿಗೆ ಬಂತು.

ಕಾಯ್ದಿದ್ದರೆ ರೋಸೆನ್ ಕೂಡ ಹಾಗೆಯೇ ಬೆಳೆಯುತ್ತಿದ್ದರು ಎಂದು ಇದರಿಂದ ಸಾಬೀತಾಗುವುದಿಲ್ಲ. ಸುಳಿವೊಂದು ಬೇರೆ ಕಡೆ ಇತ್ತು: ಅದೇ ಸೀಸನ್‌ನಲ್ಲಿ ಅಲೆನ್ ಚೆಂಡು ಹಿಡಿದು ತಾವೇ ಓಡಿ 8 ಟಚ್‌ಡೌನ್ ಗಳಿಸಿದ್ದರು. ಎಸೆತಗಳನ್ನಷ್ಟೇ ಅಳೆಯುವ ಪಾಸರ್ ರೇಟಿಂಗ್‌ನಲ್ಲಿ ಆ ಓಟಕ್ಕೆ ಜಾಗವೇ ಇಲ್ಲ.

ಬೇರೆ ಬೇರೆ ಕಾಲದವರನ್ನು ಪಕ್ಕಪಕ್ಕ ಇಡುವಾಗ ಇನ್ನಷ್ಟು ಎಚ್ಚರ ಬೇಕು. 2021ರಿಂದ ಪ್ರತಿ ತಂಡಕ್ಕೆ ಲೀಗ್ ಹಂತದಲ್ಲಿ 16ರ ಬದಲು 17 ಪಂದ್ಯ. ಚೆಂಡು ಹಿಡಿಯಲು ಓಡುವವರನ್ನು ತಡೆಯುವ ನಿಯಮಗಳೂ 1978ರಿಂದ ಬಿಗಿಯಾಗುತ್ತಾ ಬಂದು, ಎಸೆಯುವವರಿಗೆ ಅನುಕೂಲವಾಗಿದೆ.

ಫಾರ್ವರ್ಡ್ ಮಾಡುವ ಮುನ್ನ ಕೇಳಿಕೊಳ್ಳಿ

1. ಎಷ್ಟು ಪಂದ್ಯ, ಎಷ್ಟು ಎಸೆತದ ಲೆಕ್ಕ ಇದು? ಕಾರ್ಡ್‌ನಲ್ಲಿ ಅದು ಇಲ್ಲದಿದ್ದರೆ ಅನುಮಾನಿಸಿ.
2. ‘ಮೊದಲ 3 ಪಂದ್ಯ’ ಎಂದೇ ಏಕೆ ನಿಲ್ಲಿಸಿದ್ದಾರೆ? ನಾಲ್ಕನೆಯದನ್ನು ಸೇರಿಸಿದರೆ ಕಥೆ ಬದಲಾಗುತ್ತದೆಯೇ?
3. ಇಬ್ಬರ ತಂಡಗಳ ಬಲ ಒಂದೇ ಮಟ್ಟದ್ದೇ?
4. ಯಾವ ಅಂಕಿಯನ್ನು ಬಿಟ್ಟಿದ್ದಾರೆ?

ನಮ್ಮ ತೀರ್ಮಾನ: ಇಂತಹ ಕಾರ್ಡ್‌ಗಳು ಇಲ್ಲಿಯವರೆಗೆ ಏನಾಯಿತು ಎಂಬುದರ ಒಂದು ತುಣುಕನ್ನು ಹೇಳುತ್ತವೆ. ಮುಂದೆ ಏನಾಗುತ್ತದೆ ಎಂದು ಹೇಳುವ ಶಕ್ತಿ ಅವಕ್ಕಿಲ್ಲ. ಕಾರ್ಡ್‌ನಲ್ಲಿರುವವರು ಹೆಚ್ಚಾಗಿ 21–23ರ ಹರೆಯದ ಹುಡುಗರು. ‘ಫ್ಲಾಪ್’ ಎಂಬ ಹಣೆಪಟ್ಟಿ ಹಚ್ಚಲು ನಮಗೆ ಒಂದು ಸೆಕೆಂಡ್ ಸಾಕು, ಅದನ್ನು ಕಳಚಲು ಅವರಿಗೆ ವರ್ಷಗಳು ಬೇಕಾಗುತ್ತವೆ. ಅಂಕಿ ಇಷ್ಟವಾದರೆ ಹಂಚಿಕೊಳ್ಳಿ, ತೀರ್ಪಿಗೆ ಸ್ವಲ್ಪ ಕಾಯಿರಿ.