ಅಟ್ಟದ ಮೇಲಿನ ಅದ್ಭುತ ಲೋಕ

ಬೆಂಗಳೂರು ಎಂಬ ಹೆಸರು ಅಳಿಸಿಹೋಗಿದೆ. ಅದೇ ಜಾಗದಲ್ಲಿ ಈಗ ಇರುವುದು ‘ಏಪೆಕ್ಸ್ ಸಿಟಿ’. ಊರನ್ನು ಆಳುವುದು ಸರ್ಕಾರವಲ್ಲ, ಒಂದು ಕಂಪನಿ. ಯಾರು ಎಷ್ಟು ದುಡಿದರು, ಯಾರಿಂದ ಎಷ್ಟು ಉಪಯೋಗವಾಯಿತು ಎಂದು ಅದು ಸದಾ ಲೆಕ್ಕ ಹಾಕುತ್ತಿರುತ್ತದೆ. ಮೇಲಿನ ಶೇ 20 ಮಂದಿಗೆ ಸಕಲ ಭೋಗ, ನಡುವಿನ ಶೇ 70 ಮಂದಿಗೆ ಮೇಲೇರುವ ಆಸೆ ಮತ್ತು ಜಾರಿ ಬೀಳುವ ಭಯ. ಕೊನೆಯ ಶೇ 10 ಮಂದಿ ಗಡಿಯಾಚೆ. ಅಲ್ಲಿ ನಲ್ಲಿಯಲ್ಲಿ ನೀರಿಲ್ಲ, ಮನೆಯಲ್ಲಿ ಕರೆಂಟಿಲ್ಲ.

ಬೆಂಗಳೂರಿನವರೇ ಆದ ಲಾವಣ್ಯ ಲಕ್ಷ್ಮೀನಾರಾಯಣ್ ಅವರು ಇಂಗ್ಲಿಷಿನಲ್ಲಿ ಬರೆದ ‘ದಿ ಟೆನ್ ಪರ್ಸೆಂಟ್ ಥೀಫ್’ ಕಟ್ಟಿಕೊಡುವ ಊರು ಇದು. 2020ರಲ್ಲಿ ಭಾರತದಲ್ಲಿ ‘ಅನಲಾಗ್/ವರ್ಚುವಲ್’ ಎಂಬ ಹೆಸರಿನಲ್ಲಿ ಬಂದ ಪುಸ್ತಕ, 2023ರಲ್ಲಿ ಹೊಸ ಹೆಸರು ಹೊತ್ತು ಹೊರದೇಶಗಳ ಓದುಗರನ್ನು ತಲುಪಿತು. 2024ರಲ್ಲಿ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿಗೂ ಸೇರಿತು. ಒಬ್ಬ ನಾಯಕ, ಒಂದು ಕಥೆ ಎಂದು ಇದರಲ್ಲಿ ಹುಡುಕಬಾರದು. ಬಿಡಿಬಿಡಿ ಕಥೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತ ಹೋಗಿ ಕೊನೆಗೆ ಇಡೀ ಊರೇ ಕಣ್ಣೆದುರು ನಿಲ್ಲುತ್ತದೆ.

ಈ ಪುಸ್ತಕವನ್ನು ಮಲ್ಲೇಶ್ವರದಲ್ಲಿ ಕುಳಿತು ಓದುವುದಕ್ಕೆ ಬೇರೆಯದೇ ಅರ್ಥವಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದಾಗ ಪೇಟೆಯ ಇಕ್ಕಟ್ಟಿನ ಕೇರಿಗಳನ್ನು ಬಿಟ್ಟು ಜನ ಹೊರಗೆ ಓಡಿದರು. ಆ ಕಾಲದಲ್ಲಿ ಬೆಳೆದು ನಿಂತ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಅಳತೆ ಹಿಡಿದು ಎಳೆದ ಮೇನ್ ರೋಡು, ಕ್ರಾಸು, ಪ್ರತಿ ಮನೆಗೂ ಗಾಳಿ ಬೆಳಕು, ಹಿತ್ತಲಿನ ಆಚೆ ಕನ್ಸರ್ವೆನ್ಸಿ ಗಲ್ಲಿ. ರೋಗವಿಲ್ಲದ ಊರು ಹೇಗಿರಬೇಕು ಎಂದು ಮೊದಲು ಕಾಗದದ ಮೇಲೆ ಕಲ್ಪಿಸಿ ಆಮೇಲೆ ನೆಲದ ಮೇಲೆ ಕಟ್ಟಿದ ಊರು ಅದು. ಸಂಪಿಗೆ ರಸ್ತೆಯ ನೆರಳಿನಲ್ಲಿ ನಡೆಯುವವರು ನೂರಿಪ್ಪತ್ತು ವರ್ಷಗಳ ಹಿಂದಿನ ಯಾರೋ ಕಂಡ ಭವಿಷ್ಯದ ಒಳಗೇ ನಡೆಯುತ್ತಿರುತ್ತಾರೆ. ಮುಂದಿನ ಬೆಂಗಳೂರಿನ ಕಥೆ ಹೇಳುವ ಪುಸ್ತಕ ಅವರಿಗೆ ಮನೆಯ ಮಾತಿನ ಹಾಗೆ ಕೇಳಿಸಿದರೆ ಆಶ್ಚರ್ಯವಿಲ್ಲ.

ಇತ್ತೀಚಿನ ಓದಿನಲ್ಲಿ ಇಂಥ ಖುಷಿ ಕೊಟ್ಟ ಪುಸ್ತಕಗಳು ಇನ್ನೂ ಇವೆ. ಲಾವಣ್ಯ ಅವರದೇ ‘ಇಂಟರ್‌ಸ್ಟೆಲ್ಲರ್ ಮೆಗಾಶೆಫ್’ 2024ರಲ್ಲಿ ಬಂತು. ಭೂಮಿಯಿಂದ ದೂರದ ಗ್ರಹವೊಂದಕ್ಕೆ ಅಡುಗೆ ಸ್ಪರ್ಧೆಗೆಂದು ಹೋಗುವ ಅದರ ನಾಯಕಿಯ ಹೆಸರು ಸರಸ್ವತಿ ಕಾವೇರಿ. ಅದೇ ವರ್ಷ ಬೂಕರ್ ಪಡೆದ ಸಮಂತಾ ಹಾರ್ವಿಯವರ ‘ಆರ್ಬಿಟಲ್’ ಒಂದೇ ದಿನದ ಕಥೆ. ಬಾಹ್ಯಾಕಾಶ ನಿಲ್ದಾಣದಲ್ಲಿ ಆರು ಮಂದಿ ಇದ್ದಾರೆ. ಇಪ್ಪತ್ನಾಲ್ಕು ಗಂಟೆಯಲ್ಲಿ ಅವರು ಭೂಮಿಯನ್ನು ಹದಿನಾರು ಸುತ್ತು ಸುತ್ತುತ್ತಾರೆ, ಹದಿನಾರು ಸೂರ್ಯೋದಯ ನೋಡುತ್ತಾರೆ. ಕಥೆ ಎಂದು ಹೇಳಿಕೊಳ್ಳುವಂಥದ್ದು ಹೆಚ್ಚೇನೂ ನಡೆಯುವುದಿಲ್ಲ. ಆದರೂ ಪುಸ್ತಕ ಮುಚ್ಚಿದ ಮೇಲೆ ಆಕಾಶ ನೋಡುವ ಬಗೆಯೇ ಬದಲಾಗುತ್ತದೆ.

2025ರ ಜೂನ್ 25ರಂದು ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅಂಥದೇ ನಿಲ್ದಾಣಕ್ಕೆ ಹೊರಟರು. ಅವರು ಅಲ್ಲಿ ಮಾಡಿದ ಪ್ರಯೋಗಗಳಲ್ಲಿ ಒಂದು ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು. ಹೆಸರುಕಾಳು ಮತ್ತು ಮೆಂತ್ಯವನ್ನು ಬಾಹ್ಯಾಕಾಶದಲ್ಲಿ ಮೊಳಕೆ ಬರಿಸಿ ನೋಡುವುದು. ರಾತ್ರಿ ನೆನೆಹಾಕಿ ಬೆಳಗ್ಗೆ ಬಟ್ಟೆಯಲ್ಲಿ ಕಟ್ಟಿಡುವ ಹೆಸರುಕಾಳು, ನಾನೂರು ಕಿಲೋಮೀಟರ್ ಮೇಲೆ, ತೂಕವೇ ಇಲ್ಲದ ಕಡೆ ಮೊಳಕೆಯೊಡೆಯುತ್ತದೆ! ಇದನ್ನು ಕನ್ನಡದಲ್ಲಿ ಕಥೆ ಮಾಡುವವರು ಬೇಕು.

ಕನ್ನಡದಲ್ಲಿ ಯಾರಿದ್ದಾರೆ ಎಂದು ಕೇಳುವ ಮೊದಲು ಒಂದು ಪದದ ಒಳಗೆ ಇಣುಕಬೇಕು. ಕನ್ನಡಿಗರು ಮತ್ತು ಮರಾಠಿಗರು ಗದ್ಯದ ದೀರ್ಘ ಕಥೆಗೆ ಕಾದಂಬರಿ ಎನ್ನುತ್ತಾರೆ. ಕಾದಂಬರಿ ಎಂಬುದು ಒಬ್ಬಳು ಹುಡುಗಿಯ ಹೆಸರು, ಅವಳು ಗಂಧರ್ವರ ಮನೆಯವಳು. 7ನೇ ಶತಮಾನದಲ್ಲಿ ಹರ್ಷನ ಆಸ್ಥಾನದ ಬಾಣಭಟ್ಟ ಸಂಸ್ಕೃತದಲ್ಲಿ ಅವಳ ಕಥೆ ಬರೆದ. ಮುಗಿಸುವ ಮೊದಲೇ ಅವನು ತೀರಿಕೊಂಡ, ಮಗ ಅದನ್ನು ಪೂರ್ತಿ ಮಾಡಿದ. ನಾಗವರ್ಮ 10ನೇ ಶತಮಾನದ ಕೊನೆಯ ಹೊತ್ತಿಗೆ ಅದನ್ನು ಕನ್ನಡದ ಚಂಪುವಾಗಿಸಿದ. ‘ಕರ್ನಾಟಕ ಕಾದಂಬರಿ’ ಎಂದೇ ಅದಕ್ಕೆ ಹೆಸರು.

ಕಥೆ ಶುರುವಾಗುವುದು ಒಂದು ಗಿಳಿಯಿಂದ. ಶೂದ್ರಕ ರಾಜನ ಸಭೆಗೆ ಹುಡುಗಿಯೊಬ್ಬಳು ಪಂಜರ ಹಿಡಿದು ಬರುತ್ತಾಳೆ. ಒಳಗಿರುವ ಗಿಳಿ ರಾಜನಿಗೆ ಕಥೆ ಹೇಳತೊಡಗುತ್ತದೆ. ಆ ಕಥೆಯೊಳಗೆ ಒಬ್ಬ ಋಷಿ, ಋಷಿ ಹೇಳುವ ಕಥೆಯೊಳಗೆ ಚಂದ್ರಾಪೀಡನೆಂಬ ರಾಜಕುಮಾರ, ಅವನ ಪ್ರೇಮ, ಸಾವು, ಮರುಜನ್ಮ. ಕೊನೆಗೆ ತಿಳಿಯುವುದೇನೆಂದರೆ, ಸಿಂಹಾಸನದಲ್ಲಿ ಕೂತು ಕಥೆ ಕೇಳುತ್ತಿರುವ ರಾಜನೇ ಆ ಚಂದ್ರಾಪೀಡ, ಚಂದ್ರಾಪೀಡನೋ ಸಾಕ್ಷಾತ್ ಚಂದ್ರ. ಕಥೆ ಹೇಳುತ್ತಿರುವ ಗಿಳಿಯೂ ಅದೇ ಕಥೆಯ ಪಾತ್ರ. ಒಂದೇ ಜೀವ ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಮೈಯಲ್ಲಿ ತಿರುಗಿ ಬಂದು ತನ್ನನ್ನೇ ತಾನು ಗುರುತು ಹಿಡಿಯುವ ಈ ಹೆಣಿಗೆಯನ್ನು ಇವತ್ತು ಯಾರಾದರೂ ಬರೆದರೆ ಫ್ಯಾಂಟಸಿ ಎಂದು ಬೇರೆ ಕಪಾಟಿಗೆ ಹಾಕುತ್ತಾರೆ. ಕನ್ನಡ ಹಾಗೆ ಮಾಡಲಿಲ್ಲ, ಆ ಹುಡುಗಿಯ ಹೆಸರನ್ನೇ ಇಡೀ ಪ್ರಕಾರಕ್ಕೆ ಇಟ್ಟಿತು. ಅದ್ಭುತದ ಕಥೆ ಕನ್ನಡಕ್ಕೆ ಹೊರಗಿನಿಂದ ಬಂದ ನೆಂಟನಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈ ರುಚಿಯನ್ನು ಮನೆಮನೆಯಲ್ಲಿ ಉಳಿಸಿದ್ದು ‘ಚಂದಮಾಮ’. ಮದರಾಸಿನಲ್ಲಿ ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರಲ್ಲಿ ಶುರು ಮಾಡಿದ ಪತ್ರಿಕೆ ಎರಡು ವರ್ಷದಲ್ಲಿ ಕನ್ನಡಕ್ಕೂ ಬಂತು. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದ ವಿಕ್ರಮನ ಚಿತ್ರ ಬರೆದ ಶಂಕರ್ 2020ರಲ್ಲಿ ತೀರಿಕೊಂಡರು. ಆದರೆ ಮಾಂತ್ರಿಕರು, ಮೊಸಳೆಮುಖದ ದೇವತೆಗಳು, ಬಾಲಚುಕ್ಕಿಗಳು ತುಂಬಿದ ಧಾರಾವಾಹಿಗಳನ್ನು ತೆಲುಗಿನಲ್ಲಿ ಬರೆದ ದಾಸರಿ ಸುಬ್ರಹ್ಮಣ್ಯಂ ಎಷ್ಟು ಜನಕ್ಕೆ ಗೊತ್ತು? ಆ ಧಾರಾವಾಹಿಗಳ ಜೊತೆ ಅವರ ಹೆಸರು ಅಚ್ಚಾಗುತ್ತಿರಲಿಲ್ಲ. ಹಲವು ಭಾಷೆಗಳ ಮಕ್ಕಳು ಅವರ ಕಥೆಗಾಗಿ ತಿಂಗಳಿಡೀ ಕಾದರು, ಯಾರಿಗಾಗಿ ಕಾಯುತ್ತಿದ್ದೇವೆಂದು ಅವರಿಗೆ ತಿಳಿದಿರಲಿಲ್ಲ.

ವಿಜ್ಞಾನ ಕಥೆಯ ದಾರಿ ಸ್ವಲ್ಪ ಬೇರೆ. ಭಾರತದಲ್ಲಿ ಅದರ ಮೊದಲ ಹೆಜ್ಜೆಗಳಲ್ಲಿ ಒಂದನ್ನು ಇಟ್ಟವರು ಸ್ವತಃ ವಿಜ್ಞಾನಿ ಜಗದೀಶಚಂದ್ರ ಬೋಸ್. 1896ರ ಅವರ ಬಂಗಾಳಿ ಕಥೆಯಲ್ಲಿ ಸಮುದ್ರದ ಚಂಡಮಾರುತ ಶಾಂತವಾಗುವುದು ಒಂದು ಬಾಟಲಿ ತಲೆ ಎಣ್ಣೆಯಿಂದ. ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಡಿಸಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳಿಗೆ ಕನ್ನಡದ ಮಾತು ಹುಡುಕಿಕೊಟ್ಟರು. 1933ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿ ಬಂದ ಸಿ.ವಿ. ರಾಮನ್ ಅವರ ಮನೆ ‘ಪಂಚವಟಿ’ ಮಲ್ಲೇಶ್ವರದ 15ನೇ ಕ್ರಾಸಿನಲ್ಲಿದೆ. ವಿಜ್ಞಾನವೂ ಇಲ್ಲಿತ್ತು, ಅದನ್ನು ಹೇಳುವ ಕನ್ನಡವೂ ಇಲ್ಲಿತ್ತು. ಎರಡನ್ನೂ ಕಥೆಯಲ್ಲಿ ಕೂಡಿಸುವವರು ಬರಲು ಇನ್ನೂ ಕೆಲವು ದಶಕ ಹಿಡಿಯಿತು.

ಬಂದವರಲ್ಲಿ ಮೊದಲು ನೆನೆಯಬೇಕಾದ ಹೆಸರು ರಾಜಶೇಖರ ಭೂಸನೂರಮಠ. ‘ಆಪರೇಷನ್ ಯು.ಎಫ್.ಓ.’, ‘ಮನ್ವಂತರದ ಜನ’ ಮುಂತಾದ ಪುಸ್ತಕಗಳ ಮೂಲಕ ಅವರು ವಿಜ್ಞಾನ ಕಥೆಯನ್ನೇ ಮುಖ್ಯ ಕಸುಬಾಗಿ ಹಿಡಿದರು. 1993ರಲ್ಲಿ ಬಾಳ ಫೋಂಡಕೆ ಸಂಪಾದಿಸಿದ, ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸಿದ ಭಾರತೀಯ ವಿಜ್ಞಾನ ಕಥೆಗಳ ಸಂಕಲನದಲ್ಲಿ ಖಗೋಳ ವಿಜ್ಞಾನಿ ಜಯಂತ ನಾರಳೀಕರ್, ತಮಿಳಿನ ಸುಜಾತಾ ಇವರ ಸಾಲಿನಲ್ಲಿ ಭೂಸನೂರಮಠರ ಕಥೆಯೂ ಇದೆ. ನಾರಳೀಕರ್ 2025ರ ಮೇ ತಿಂಗಳಲ್ಲಿ ತೀರಿಕೊಂಡಾಗ ದೇಶದ ಪತ್ರಿಕೆಗಳೆಲ್ಲ ಅವರ ಕಥೆಗಳನ್ನೂ ನೆನೆದವು. ಭೂಸನೂರಮಠರಿಗೆ ಅವರ ನಾಡಿನಲ್ಲೇ ಅಷ್ಟು ನೆನಪು ಸಿಕ್ಕಿಲ್ಲ.

‘ಮನು’ ಎಂಬ ಹೆಸರಿನಲ್ಲಿ ಬರೆದ ಪಿ.ಎನ್. ರಂಗನ್ ಅವರ ‘ಮಹಾಸಂಪರ್ಕ’ದ ಅದೃಷ್ಟ ಬೇರೆ. ಮಹಾಭಾರತದ ಪವಾಡಗಳ ಹಿಂದೆ ಅನ್ಯಗ್ರಹದವರ ಕೈವಾಡವಿದ್ದರೆ ಎಂಬ ಒಂದೇ ಪ್ರಶ್ನೆಯ ಮೇಲೆ ಎದ್ದು ನಿಂತ ದೊಡ್ಡ ಕಾದಂಬರಿ ಅದು. ಇತಿಹಾಸವೆಂದು ಓದಿದರೆ ಒಪ್ಪಲಾಗದು, ಒಪ್ಪಲೂಬಾರದು. ಕಲ್ಪನೆಯೆಂದು ಓದಿದರೆ ಬಿಡಲಾಗದು. ಬಾಯಿಂದ ಬಾಯಿಗೆ ಹೋಗಿ ಓದಿಸಿಕೊಂಡ ಪುಸ್ತಕ ಅದು.

ಆದರೆ ಕನ್ನಡದ ವಿಜ್ಞಾನ ಕಲ್ಪನೆಯ ಶಿಖರ ಯಾವುದು ಎಂದರೆ, ವಿಜ್ಞಾನ ಕಾದಂಬರಿ ಎಂಬ ಹಣೆಪಟ್ಟಿಯೇ ಇಲ್ಲದ ಪುಸ್ತಕವೊಂದನ್ನು ತೋರಿಸಬೇಕಾಗುತ್ತದೆ. ಅದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’, 1980ರಲ್ಲಿ ಬಂದದ್ದು. ಅದರಲ್ಲಿ ರಾಕೆಟ್ಟಿಲ್ಲ, ರೋಬೊಟ್ ಇಲ್ಲ. ಮೂಡಿಗೆರೆಯ ಮಳೆ, ಜೇನುಗೂಡು, ಊರಿನ ಜಗಳ, ಕಿವಿ ಎಂಬ ನಾಯಿ, ಬಿರಿಯಾನಿ ಕರಿಯಪ್ಪ. ಊರವರ ಕಣ್ಣಿಗೆ ಯಾವ ಕೆಲಸಕ್ಕೂ ಬಾರದ ಮಂದಣ್ಣನನ್ನು ಕರ್ವಾಲೊ ಎಂಬ ವಿಜ್ಞಾನಿ ಮಾತ್ರ ಗೌರವದಿಂದ ಕಾಣುತ್ತಾರೆ. ಲಕ್ಷಾಂತರ ವರ್ಷಗಳ ಹಿಂದಿನ ಕಾಲದಿಂದ ಉಳಿದುಬಂದ ಹಾರುವ ಓತಿಯನ್ನು ನೋಡಿದವನು ಅವನು. ಎಲ್ಲರೂ ಕಾಡು ಹೊಕ್ಕು ಅದನ್ನು ಹುಡುಕುತ್ತಾರೆ, ಕಾಣುತ್ತಾರೆ, ಹಿಡಿಯಲು ಹೋಗುತ್ತಾರೆ. ಕೈಗೆ ಸಿಗದೆ ಅದು ಕಣಿವೆಯ ಕಡೆ ತೇಲಿ ಕಣ್ಮರೆಯಾಗುತ್ತದೆ. ಅಷ್ಟೇ. ಪಕ್ಕೆಲುಬು ಅಗಲಿಸಿ ಮರದಿಂದ ಮರಕ್ಕೆ ತೇಲುವ ಓತಿ ಪಶ್ಚಿಮ ಘಟ್ಟದಲ್ಲಿ ನಿಜವಾಗಿಯೂ ಇದೆ. ತೇಜಸ್ವಿ ಮಾಡಿದ್ದು ಅದರ ಬೆನ್ನಿಗೆ ಕಾಲದ ಆಳವನ್ನು ಕಟ್ಟಿದ್ದು. ಕಾಲಯಾನಕ್ಕೆ ಯಂತ್ರವೇ ಬೇಕಿಲ್ಲ, ಒಂದು ಓತಿ ಸಾಕು ಎಂದು ಯಾವ ಭಾಷೆಯಲ್ಲಿ ಯಾರು ಹೀಗೆ ಬರೆದಿದ್ದಾರೆ?

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಕೆ.ಎನ್. ಗಣೇಶಯ್ಯ ಹಿಡಿದದ್ದು ಇನ್ನೊಂದು ಜಾಡು. ಅವರ ‘ಕನಕ ಮುಸುಕು’ ಕಾದಂಬರಿ ಎದ್ದದ್ದು ಒಂದು ಕಲ್ಲಿನಿಂದ. ಸೋಮನಾಥಪುರದ 13ನೇ ಶತಮಾನದ ಹೊಯ್ಸಳ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂಥದ್ದು ಕಾಣುತ್ತದೆ. ಮುಸುಕಿನ ಜೋಳದ ತವರು ಮೆಕ್ಸಿಕೊ, ಅದು ಇತ್ತ ಬಂದದ್ದು ಕೊಲಂಬಸನ 1492ರ ಯಾನದ ನಂತರ. ಹಾಗಾದರೆ ಶಿಲ್ಪಿ ಕಂಡದ್ದು ಏನನ್ನು? ಅದು ಮುಸುಕಿನ ಜೋಳವೇ ಎಂದು 1989ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ವಾದಿಸಿದರು. ಅಲ್ಲ, ಅದು ಮುತ್ತು ಪೋಣಿಸಿದ ಕಲ್ಪನೆಯ ಫಲ ಎಂದು ಭಾರತದ ವಿಜ್ಞಾನಿಗಳು ಉತ್ತರ ಕೊಟ್ಟರು. ವಿದ್ವಾಂಸರ ಈ ಜಗಳವನ್ನು ಗಣೇಶಯ್ಯ ಓದುಗರ ನಿದ್ದೆಗೆಡಿಸುವ ಕಥೆ ಮಾಡಿದರು. ಕಥೆಯ ನಡುವೆ ಚಿತ್ರ, ಅಡಿಟಿಪ್ಪಣಿ, ಆಧಾರಗಳನ್ನೂ ಕೊಡುವ ಅವರ ರೀತಿಯಿಂದ ಓದುಗ ಪುಸ್ತಕ ಮುಗಿಸಿ ಸೀದಾ ದೇವಸ್ಥಾನಕ್ಕೆ ಹೋಗಿ ನೋಡುವಂತಾಗುತ್ತದೆ.

ಹೊಸ ತಲೆಮಾರಿನ ಹಸಿವು ಸಿನಿಮಾದಲ್ಲೂ ಕಾಣುತ್ತಿದೆ. 2024ರ ‘ಬ್ಲಿಂಕ್’ ಚಿತ್ರದ ನಾಯಕ ಕನ್ನಡ ಎಂ.ಎ. ಓದಿದ ಹುಡುಗ. ಕಣ್ಣು ಮಿಟುಕಿಸದೆ ಇದ್ದಷ್ಟು ಹೊತ್ತು ಅವನು ಬೇರೆ ಕಾಲದಲ್ಲಿರಬಲ್ಲ. ಕಾಲಯಾನಕ್ಕೆ ಇಷ್ಟು ಸರಳವಾದ ಉಪಾಯ! ಇಂಥ ಪ್ರೇಕ್ಷಕರಿರುವ ಭಾಷೆಯಲ್ಲಿ ಓದುಗರಿಲ್ಲ ಎಂದರೆ ನಂಬುವುದು ಕಷ್ಟ.

ತೊಡಕಿರುವುದು ಪುಸ್ತಕ ಸಿಗುವುದರಲ್ಲಿ. ತೇಜಸ್ವಿ, ಗಣೇಶಯ್ಯ ಯಾವ ಅಂಗಡಿಯಲ್ಲೂ ಸಿಗುತ್ತಾರೆ. ಭೂಸನೂರಮಠರನ್ನು ಹುಡುಕಿ ಹೊರಟವರು ಬಂದು ನಿಲ್ಲುವುದು ಹಳೆ ಪುಸ್ತಕದ ರಾಶಿಯ ಮುಂದೆ. ಅಲ್ಲಿ ಸಿಗುವ ಪ್ರತಿ ಒಂದು ಕಾಲದ ಬಾಡಿಗೆ ಲೈಬ್ರರಿಯದು. ಬೆನ್ನಿಗೆ ದಪ್ಪ ದಾರದ ಹೊಲಿಗೆ, ಮೇಲೆ ಕಂದು ರಟ್ಟು, ಮೊದಲ ಪುಟಕ್ಕೆ ಅಂಟಿಸಿದ ಚೀಟಿಯಲ್ಲಿ ನೇರಳೆ ಶಾಯಿಯ ತಾರೀಕುಗಳು ಒಂದರ ಮೇಲೊಂದು. ಮೂರು ದಿನಕ್ಕೊಮ್ಮೆ ಕೈ ಬದಲಾಗಿದೆ ಎಂದು ಆ ಚೀಟಿಯೇ ಹೇಳುತ್ತದೆ. ವಿಮರ್ಶಕರು ಇಂಥ ಪುಸ್ತಕಗಳನ್ನು ‘ಜನಪ್ರಿಯ’ ಎಂದು ಬದಿಗಿಟ್ಟರು, ವಿಶ್ವವಿದ್ಯಾಲಯಗಳು ಪಠ್ಯಕ್ಕೆ ಸೇರಿಸಲಿಲ್ಲ, ಹಾಗಾಗಿ ಮರುಮುದ್ರಣವೂ ಕಡಿಮೆಯಾಯಿತು. ಇದು ನಿಜವಾದ ನಷ್ಟ. ಚೀನಾದ ಲಿಯು ಸಿಷಿನ್ ಅವರ ‘ದಿ ತ್ರೀ-ಬಾಡಿ ಪ್ರಾಬ್ಲಮ್’ 2008ರಲ್ಲಿ ಪುಸ್ತಕವಾಗಿ, 2014ರಲ್ಲಿ ಕೆನ್ ಲಿಯು ಅವರ ಕೈಯಲ್ಲಿ ಇಂಗ್ಲಿಷಾಗಿ, ಮರುವರ್ಷವೇ ಹ್ಯೂಗೊ ಪ್ರಶಸ್ತಿ ಪಡೆಯಿತು. ಒಬ್ಬ ಒಳ್ಳೆಯ ಅನುವಾದಕ, ಅಂಗಡಿಯಲ್ಲಿ ಸಿಗುವ ಮೂಲ ಪ್ರತಿ: ಇಷ್ಟಿದ್ದರೆ ಪುಸ್ತಕ ಎಲ್ಲಿಗೆ ಬೇಕಾದರೂ ಹೋಗುತ್ತದೆ.

ಒಳ್ಳೆಯ ಕೆಲಸವೂ ನಡೆಯುತ್ತಿದೆ. ಬೆಂಗಳೂರಿನಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಜ್’ ಯೋಜನೆಯವರು ಹಳೆಯ ಕನ್ನಡ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಸೇರಿಸುತ್ತಿದ್ದಾರೆ. ‘ಮೈಲ್ಯಾಂಗ್’ ಕನ್ನಡ ಪುಸ್ತಕಗಳನ್ನು ಫೋನಿನಲ್ಲಿ ಓದುವಂತೆ, ಕೇಳುವಂತೆ ಮಾಡಿದೆ. ಆದರೆ ಸ್ಕ್ಯಾನ್ ಮಾಡಲು ಮೊದಲು ಪ್ರತಿ ಬೇಕು. ಅವು ಇರುವುದು ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಯ ಹಳೆಯ ಮನೆಗಳ ಅಟ್ಟದ ಮೇಲೆ, ತಗಡಿನ ಟ್ರಂಕುಗಳಲ್ಲಿ. ಆ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿವೆ. ನಿಮ್ಮ ಮನೆಯ ಅಟ್ಟ ಖಾಲಿ ಮಾಡುವ ದಿನ ಬಂದರೆ, ಭೂಸನೂರಮಠರದೋ ಮನು ಅವರದೋ ಹೆಸರಿರುವ ಪುಸ್ತಕ, ಬೈಂಡು ಹಾಕಿಸಿದ ಹಳೆಯ ಚಂದಮಾಮ ಕಣ್ಣಿಗೆ ಬಿದ್ದರೆ, ದಯವಿಟ್ಟು ಹಳೇ ಪೇಪರಿನವರ ತಕ್ಕಡಿಗೆ ಹಾಕಬೇಡಿ. ಧೂಳು ಕೊಡವಿ ಮೊದಲು ಓದಿ. ಆಮೇಲೆ ಸ್ಕ್ಯಾನ್ ಮಾಡುವವರ ಕೈಗೆ ಮುಟ್ಟಿಸಿ.