ಎಬ್ಬಿಸಿದರೆ ಮಾತ್ರ ಸಾಯುವ ಜೀವಿ

1982ರ ಈಸ್ಟರ್ ರಜೆ. ಆಸ್ಟ್ರೇಲಿಯಾದ ಪರ್ತ್ ನಗರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲವು ಪೆಟ್ರಿ ತಟ್ಟೆಗಳು ಇನ್‌ಕ್ಯುಬೇಟರಿನೊಳಗೇ ಉಳಿದುಬಿಟ್ಟವು. ಅದಕ್ಕೂ ಮುಂಚೆ ಮೂವತ್ತಕ್ಕೂ ಹೆಚ್ಚು ರೋಗಿಗಳ ಜಠರದ ಚೂರುಗಳನ್ನು ಇಟ್ಟು ನೋಡಿ, ಎರಡು ದಿನಕ್ಕೆ ಏನೂ ಬೆಳೆಯಲಿಲ್ಲವೆಂದು ಎಸೆದಿದ್ದರು. ರಜೆ ಮುಗಿಸಿ ಬಂದು ನೋಡಿದರೆ, ತಟ್ಟೆಯ ಮೇಲೆ ಇಬ್ಬನಿಯಂಥ ತಿಳಿ ಚುಕ್ಕೆಗಳು! ಅದಕ್ಕೆ ಬೇಕಿದ್ದದ್ದು ಇನ್ನೂ ಎರಡು ಮೂರು ದಿನ, ಅಷ್ಟೇ. ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ತಂದ, ಹೊಟ್ಟೆಯ ಅಲ್ಸರಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಲ್ಯಾಬಿನಲ್ಲಿ ಬೆಳೆದದ್ದು ಹೀಗೆ.

ಅಲ್ಸರಿಗೆ ಖಾರ ಕಾರಣ, ಟೆನ್ಶನ್ ಕಾರಣ ಎಂದು ಎಲ್ಲರೂ ನಂಬಿದ್ದ ಕಾಲವದು. ತಿಂದದ್ದನ್ನೆಲ್ಲ ಕರಗಿಸುವ ಆಮ್ಲದಲ್ಲಿ ಜೀವಿಯೊಂದು ಬದುಕುವುದೆಂದರೇನು! ಬದುಕುತ್ತದೆ. ಯೂರಿಯೇಸ್ ಎಂಬ ಕಿಣ್ವದಿಂದ ನಮ್ಮದೇ ಯೂರಿಯಾವನ್ನು ಒಡೆದು, ಮೈಸುತ್ತ ಅಮೋನಿಯಾದ ಕೊಡೆ ಹಿಡಿದುಕೊಂಡು, ತಿರುಪಿನಂತೆ ಹೊರಳುತ್ತ ಜಠರದ ಲೋಳೆಯೊಳಗೆ ಇಳಿದು ಕೂರುತ್ತದೆ. ಆಲ್ಪ್ಸ್ ಹಿಮದಲ್ಲಿ 5,300 ವರ್ಷ ಹೂತಿದ್ದ 'ಓಟ್ಸಿ' ಎಂಬ ಮನುಷ್ಯನ ಹೊಟ್ಟೆಯಲ್ಲೂ ಇದೇ ಇತ್ತು!

ಇಂಥ ಹಳೆಯ ಒಕ್ಕಲನ್ನು ಎಬ್ಬಿಸಿ ಹೊರಹಾಕುವುದು ಸುಲಭವಲ್ಲ. ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಒಂದು ಕಾಲಕ್ಕೆ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ಬ್ಯಾಕ್ಟೀರಿಯಾದ ಪ್ರೋಟೀನು ಕಟ್ಟುವ ಯಂತ್ರದಲ್ಲಿ ಒಂದೇ ಒಂದು ಅಕ್ಷರ, 'ಎ' ಇದ್ದ ಜಾಗದಲ್ಲಿ 'ಜಿ', ಬದಲಾದರೆ ಸಾಕು, ಆ ಮದ್ದು ಹಿಡಿಯುವುದೇ ಇಲ್ಲ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಮದ್ದು ತುರ್ತಾಗಿ ಬೇಕಾದ ರೋಗಾಣುಗಳ ಪಟ್ಟಿಗೆ, ಹೀಗೆ ಕ್ಲಾರಿಥ್ರೊಮೈಸಿನ್‌ಗೆ ಜಗ್ಗದ ಈ ಬ್ಯಾಕ್ಟೀರಿಯಾವನ್ನೂ ಸೇರಿಸಿತು.

ನನ್ನನ್ನು ಬೆರಗುಗೊಳಿಸಿದ್ದು ಇದರ ಮುಂದಿನ ಮಾತು. ಚಿಕಿತ್ಸೆಯಲ್ಲಿ ಪ್ಯಾಂಟೊಪ್ರಜೋಲಿನಂಥ ಆಮ್ಲ ತಗ್ಗಿಸುವ ಮಾತ್ರೆ ಯಾಕೆ? ಎದೆಯುರಿ ಶಮನವಾಗಲಿ ಎಂದೇ ನಾನೂ ತಿಳಿದಿದ್ದೆ. ಅಷ್ಟೇ ಅಲ್ಲ! ಆಮ್ಲ ಕಟುವಾಗಿದ್ದಾಗ ಈ ಬ್ಯಾಕ್ಟೀರಿಯಾ ಸಂತಾನ ಬೆಳೆಸದೆ ಸುಮ್ಮನೆ ಮುದುರಿಕೊಂಡಿರುತ್ತದೆ. ಜೊತೆಗೆ ಕೊಡುವ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯೋಟಿಕ್ ಕೊಲ್ಲುವುದು ಕೋಶದ ಗೋಡೆ ಕಟ್ಟುತ್ತ ಒಂದು ಎರಡಾಗುತ್ತಿರುವ ಬ್ಯಾಕ್ಟೀರಿಯಾವನ್ನು. ಮುದುರಿಕೊಂಡದ್ದರ ಮೇಲೆ ಅದರ ಆಟ ನಡೆಯದು. ಆಮ್ಲ ತಗ್ಗಿತೋ, ಒಳ್ಳೆಯ ಕಾಲ ಬಂತೆಂದು ಅದು ಏಳುತ್ತದೆ, ಎರಡಾಗಲು ಹೊರಡುತ್ತದೆ, ಆ ಗಳಿಗೆಯಲ್ಲೇ ಮದ್ದಿಗೆ ಸಿಕ್ಕಿ ಒಡೆದುಹೋಗುತ್ತದೆ! ಜಪಾನಿನಲ್ಲಿ 2015ರಿಂದ ಬಳಕೆಯಲ್ಲಿರುವ ವೊನೊಪ್ರಜಾನ್ ಆಮ್ಲವನ್ನು ಇನ್ನೂ ಬೇಗ, ಇನ್ನೂ ಗಟ್ಟಿಯಾಗಿ ಹಿಡಿದಿಡುತ್ತದೆ.

ಹಟಮಾರಿ ಸೋಂಕಿಗೆ ವೈದ್ಯರು ಕರೆಯುವ ಇನ್ನೊಬ್ಬ ಹಳಬ ಬಿಸ್ಮತ್. ಅದು ಲೋಹ. ಪೆಟ್ಟು ಹಲವು ಕಡೆಯಿಂದ ಬೀಳುವುದರಿಂದ ಬ್ಯಾಕ್ಟೀರಿಯಾ ಅದಕ್ಕೆ ಸುಲಭವಾಗಿ ಒಗ್ಗಿಕೊಳ್ಳುವುದಿಲ್ಲ. ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್, ಜೊತೆಗೆ ಆಮ್ಲ ತಗ್ಗಿಸುವ ಮಾತ್ರೆ: ಸಾಮಾನ್ಯವಾಗಿ ಹದಿನಾಲ್ಕು ದಿನ. ಬಿಸ್ಮತ್ತಿನಿಂದ ಮಲ ಕಪ್ಪಾಗುತ್ತದೆ, ಮೆಟ್ರೊನಿಡಜೋಲಿನಿಂದ ಬಾಯಿ ಕಹಿಯಾಗುತ್ತದೆ. ಗಾಬರಿಯಾಗಿ ನಡುವೆ ಬಿಡಬೇಡಿ, ವೈದ್ಯರನ್ನು ಕೇಳಿ. ಅರೆಬರೆ ನುಂಗಿದರೆ ಉಳಿದುಕೊಳ್ಳುವವು ಗಟ್ಟಿಗರೇ.

ಚಿಕಿತ್ಸೆ ಮುಗಿದು ಕನಿಷ್ಠ ನಾಲ್ಕು ವಾರವಾದ ಮೇಲೆ ಒಂದು ಪರೀಕ್ಷೆ. ಗುರುತಿನ ಇಂಗಾಲ ಸೇರಿಸಿದ ಯೂರಿಯಾ ಕುಡಿಯಬೇಕು, ಸ್ವಲ್ಪ ಹೊತ್ತು ಕಾದು ಚೀಲದೊಳಕ್ಕೆ ಊದಬೇಕು. ಒಳಗೆ ಬ್ಯಾಕ್ಟೀರಿಯಾ ಇನ್ನೂ ಬದುಕಿದ್ದರೆ ಹಳೇ ಚಾಳಿಯಂತೆ ಯೂರಿಯಾ ಒಡೆಯುತ್ತದೆ. ಆ ಇಂಗಾಲ ರಕ್ತಕ್ಕಿಳಿದು, ಶ್ವಾಸಕ್ಕೇರಿ, ನಿಮ್ಮ ಉಸಿರಿನಲ್ಲೇ ಹೊರಗೆ ಬರುತ್ತದೆ!